ತಲೆ ತಗ್ಗಿಸಿದ ಟ್ಯಾಂಕಿಗೆ ಹುಲಿಗೆಮ್ಮನ ಭಂಡಾರ

ಬೋರ್ಡು ಕಂಡರೆ ಓದದೆ ಮುಂದೆ ಹೋಗಲಾರೆ. ಇದು ನನ್ನ ಹಳೆಯ ರೋಗ. ಲಾರಿಯ ಬೆನ್ನಿನ ಬರಹ, ಔಷಧದ ಬಾಟಲಿಯ ಮೇಲಿನ ಇರುವೆಸಾಲಿನಂಥ ಅಕ್ಷರ, ಬಸ್ ಸ್ಟ್ಯಾಂಡಿನ ಗೋಡೆಯ ಮೇಲಿನ ಎಚ್ಚರಿಕೆ, ಯಾವುದನ್ನೂ ಬಿಡುವುದಿಲ್ಲ. ತುಟಿ ಅಲುಗಿಸುತ್ತ ಕೊನೆಯ ಫುಲ್ ಸ್ಟಾಪಿನವರೆಗೂ ಓದಿಯೇ ತೀರಬೇಕು. ನಮ್ಮವರು ಇದ್ದಾಗ ಸಂತೆಗೆ ನನ್ನನ್ನು ಕರೆದುಕೊಂಡು ಹೋಗಲು ಹೆದರುತ್ತಿದ್ದರು. ಅವರು ತರಕಾರಿ ಕೊಂಡು ಚೀಲ ಕಟ್ಟಿದರೂ ನಾನಿನ್ನೂ ಬೀಜದಂಗಡಿಯ ಪೋಸ್ಟರಿನ ಎದುರಿಗೇ ಇರುತ್ತಿದ್ದೆ.

ಇದರ ತಪ್ಪೆಲ್ಲ ಕಾನ್ವೆಂಟಿನದು. ಅಲ್ಲಿ ನಮಗೆ ರೀಡಿಂಗ್ ಕಲಿಸುತ್ತಿದ್ದವರು ಸಿಸ್ಟರ್ ಮಟಿಲ್ಡಾ. ಅಡ್ಡಡ್ಡ ಬೆಳೆದ, ನಿಧಾನಕ್ಕೆ ನಡೆಯುವ, ಎದುರಿಗೆ ಬಂದರೆ ಕಾರಿಡಾರಿನಲ್ಲಿ ಜಾಗವೇ ಉಳಿಯದಂಥ ಸಿಸ್ಟರ್. ನಾವು ಪುಸ್ತಕದಲ್ಲಿ ಇಲ್ಲದ ಒಂದು ಪದ ಸೇರಿಸಿ ಓದಿದರೂ ಮರದ ಸ್ಕೇಲು ಮೇಜಿನ ಮೇಲೆ ಬೀಳುತ್ತಿತ್ತು. "ರೀಡ್ ವಾಟ್ ಈಸ್ ರಿಟನ್, ಗರ್ಲ್ಸ್." ಬರೆದದ್ದನ್ನು ಓದಿ, ಮನಸ್ಸಿಗೆ ಬಂದದ್ದನ್ನಲ್ಲ.

ಅಲ್ಲಿಂದ ಮದುವೆಯಾಗಿ ಬಂದದ್ದು ಯಲಬುರ್ಗಾ ಕಡೆಯ ಒಂದು ತುಂಬಿದ ಮನೆಗೆ. ಅಲ್ಲಿ ನನಗೆ ಬಿದ್ದ ಹೆಸರು ಕಾನ್ವೆಂಟ್ ಸೊಸಿ. ರೊಟ್ಟಿ ಬಡಿಯಲು ಬಾರದ, ಸೆಗಣಿ ಮುಟ್ಟಲು ಮೂಗು ಮುರಿಯುವ ಸೊಸೆಯನ್ನು ಏನು ಮಾಡುವುದೆಂದು ತಿಳಿಯದೆ ಅತ್ತೆ ನನಗೆ ಓದುವ ಕೆಲಸ ವಹಿಸಿದರು. ಗೊಬ್ಬರದ ಚೀಲ, ಟೆಲಿಗ್ರಾಂ, ಎಕ್ಸ್‌ರೇ ಜೊತೆಗಿನ ರಿಪೋರ್ಟು, ಮಿಕ್ಸಿಯ ಗ್ಯಾರಂಟಿ ಕಾರ್ಡು, ಇಂಗ್ಲಿಷಿನಲ್ಲಿ ಬಂದದ್ದೆಲ್ಲ ನನ್ನ ಕೈಗೆ. ಸಾವಿನ ಸುದ್ದಿಯನ್ನೂ ಇದ್ದದ್ದು ಇದ್ದ ಹಾಗೆ ಓದಿದ್ದೇನೆ. ಅಂಥ ನಾನು ಕಳೆದ ಬೇಸಿಗೆಯಲ್ಲಿ ಒಂದು ಇಡೀ ಮಧ್ಯಾಹ್ನ ಸುಳ್ಳು ಓದಿದೆ. ಅದೂ ಮಿಲಿಟರಿಯವರ ಕಾಂಪೌಂಡಿನೊಳಗೆ ನಿಂತುಕೊಂಡು.

ಕಾರಣ ನನ್ನ ನೆಗೆಣ್ಣಿ ನೀಲಕ್ಕ. ನಮ್ಮವರ ಅಣ್ಣನ ಹೆಂಡತಿ. ನನಗಿಂತ ಆರೇಳು ವರ್ಷ ದೊಡ್ಡವಳು, ಈಗ ಕುಷ್ಟಗಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ಅಕ್ಷರ ಗೊತ್ತಿಲ್ಲ. ಮಗನದು ಪಂಪ್‌ಸೆಟ್ ರಿಪೇರಿ ಅಂಗಡಿ. ಮೊಮ್ಮಗ ಶರಣ ಸೈನ್ಯಕ್ಕೆ ಸೇರಿ ಟ್ಯಾಂಕ್ ಡ್ರೈವರ್ ಆಗಿದ್ದಾನೆ. ಅಪ್ಪನ ಅಂಗಡಿಯ ಎಣ್ಣೆ ಗ್ರೀಸಿನಲ್ಲಿ ಬೆಳೆದವನಿಗೆ ಎಂಜಿನ್ನೆಂದರೆ ಆಟಿಕೆ. ಆದರೆ ಮೈ ಮಾತ್ರ ತೆಂಗಿನ ಮರದಂತೆ ಉದ್ದ. ಸಣ್ಣವನಿದ್ದಾಗ ಒಳಗೆ ಮಲಗಿಸಿದರೆ ಅಳುತ್ತಿದ್ದ; ಚಳಿಗಾಲದಲ್ಲೂ ಅಂಗಳದಲ್ಲಿ ಹೊರಸು, ಅಂದರೆ ಹಗ್ಗದ ಮಂಚ, ಹಾಕಬೇಕಿತ್ತು. ಬಾಗಿಲು ಮುಚ್ಚಿದ ಕೋಣೆ ಅವನಿಗೆ ಆಗುತ್ತಿರಲಿಲ್ಲ.

ಗಡಿಯಲ್ಲಿ ಬಿಸಿ ಏರಿದೆಯೆಂದು ಟಿ.ವಿ.ಯವರು ಗಂಟಲು ಹರಿದುಕೊಳ್ಳುತ್ತಿದ್ದ ದಿನಗಳವು. ಶರಣ ಒಮ್ಮೆ ಫೋನ್ ಮಾಡಿ, "ಅಜ್ಜಿ, ಮುಂದ ಹೊಂಟೇವಿ. ಇನ್ನ ಫೋನ್ ಹತ್ತಂಗಿಲ್ಲ, ಅಂಜಬ್ಯಾಡ" ಎಂದಿದ್ದ. ಆಮೇಲೆ ಆ ನಂಬರಿಗೆ ಯಾವಾಗ ಹಚ್ಚಿದರೂ ಅದೇ ಹೆಣ್ಣುಮಗಳು ಅದೇ ದನಿಯಲ್ಲಿ ಸ್ವಿಚ್ ಆಫ್ ಎನ್ನುತ್ತಿದ್ದಳು. ನೀಲಕ್ಕ ಅವಳಿಗೂ ಒಮ್ಮೆ ಬೈದಳಂತೆ. "ಆಫಂದ್ರ ಎಲ್ಲಿ ಹೋಗ್ಯಾನ ಹೇಳವಾ, ಬರೇ ಅದನ್ನ ಅಂತಿ."

ನಾನು ಗಂಗಾವತಿಯಿಂದ ಅವಳನ್ನು ನೋಡಲೆಂದು ಹೋದಾಗ ಮನೆಯಲ್ಲಿ ಟಿ.ವಿ. ಹಚ್ಚಿತ್ತು. ಪರದೆಯ ಮೇಲೆ ಬಣ್ಣಬಣ್ಣದ ಬೊಂಬೆ ಟ್ಯಾಂಕುಗಳು ಓಡಾಡುತ್ತಿದ್ದವು, ಒಂದು ಉರಿಯಿತು. ನೀಲಕ್ಕ ಟಿ.ವಿ. ಬಂದ್ ಮಾಡಿಸಿ ನನ್ನ ಕಡೆ ತಿರುಗಿದಳು.

"ಶಾಂತಾ, ನಾ ಆ ಗಾಡಿ ಕಣ್ಣಿಲೆ ನೋಡಬೇಕು."

"ಯಾವ ಗಾಡಿ ಅಕ್ಕ?"

"ಶರಣ ಕುಂದರೋ ಗಾಡಿ. ಒಳಗಿಂದ ಹೊರಗ ಬರಾಕ ಬಾಗಲ ಐತೋ ಇಲ್ಲೋ ನೋಡಬೇಕು. ಅಷ್ಟ."

ಶರಣ ತರಬೇತಿ ಪಡೆದದ್ದು ಮಹಾರಾಷ್ಟ್ರದ ಒಂದು ಕಂಟೋನ್ಮೆಂಟ್ ಊರಿನಲ್ಲಿ. ಅಲ್ಲೊಂದು ಮ್ಯೂಸಿಯಂ ಇದೆ, ಹಳೆಯ ಟ್ಯಾಂಕುಗಳನ್ನು ಮರದ ಕೆಳಗೆ ನಿಲ್ಲಿಸಿದ್ದಾರೆ, ಯಾರು ಬೇಕಾದರೂ ನೋಡಬಹುದು ಎಂದು ಅವನೇ ಒಮ್ಮೆ ಹೇಳಿದ್ದ. ನೀಲಕ್ಕ ಅದನ್ನು ಮರೆತಿರಲಿಲ್ಲ. ಬೇಡವೆಂದು ಮಗ ಹೇಳಿ ನೋಡಿದ, ಸೊಸೆ ಹೇಳಿ ನೋಡಿದಳು. ನಾನು ಬುದ್ಧಿವಂತೆಯಲ್ಲವೆ, "ಅವು ಹಳೇವು ಅಕ್ಕ, ಶರಣಂದು ಹೊಸಾದು, ಇದನ್ನ ನೋಡಿ ಅದು ತಿಳಿಯಂಗಿಲ್ಲ" ಎಂದು ಲಾಜಿಕ್ ಹೇಳಿದೆ. "ಅಜ್ಜನ ಮಾರಿ ನೋಡಿದ್ರ ಮೊಮ್ಮಗನ ಮಾರಿ ತಿಳೀತೈತಿ" ಎಂದು ನೀಲಕ್ಕ ನನ್ನ ಲಾಜಿಕ್ಕನ್ನು ಮಡಚಿ ನನ್ನ ಕೈಗೇ ಕೊಟ್ಟಳು.

ಹೀಗೆ ಮೆಹಬೂಬನ ಕಾರಿನಲ್ಲಿ ನಾವಿಬ್ಬರು ಮುದುಕಿಯರು ಹೊರಟೆವು. ಮೆಹಬೂಬ ಕುಷ್ಟಗಿಯವನೇ, ನೀಲಕ್ಕನ ಮನೆಯ ಮದುವೆ, ಆಸ್ಪತ್ರೆ, ಯಾತ್ರೆಗಳಿಗೆಲ್ಲ ಅವನದೇ ಗಾಡಿ. ಹಿಂದಿನ ಸೀಟಿನಲ್ಲಿ ನಮ್ಮ ನಡುವೆ ಒಂದು ಗಂಟು: ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ನೀಲಕ್ಕನ ಸೊಂಟದಲ್ಲಿ ಇನ್ನೊಂದು ಸಣ್ಣ ಗಂಟಿದ್ದದ್ದು ಆಗ ನನಗೆ ಗೊತ್ತಿರಲಿಲ್ಲ. ಇಳಕಲ್ಲು ದಾಟಿ, ವಿಜಯಪುರ ದಾಟಿ, ಸೊಲ್ಲಾಪುರದಲ್ಲಿ ಉಳಿದು ಮರುದಿನ ಮುಂದಕ್ಕೆ. ದಾರಿಯುದ್ದಕ್ಕೂ ಫೋನನ್ನು ಅವಳು ಮಡಿಲಲ್ಲಿ, ಈಗಷ್ಟೇ ಮಲಗಿದ ಕೂಸನ್ನು ಹಿಡಿದಂತೆ ಹಿಡಿದಿದ್ದಳು. ಒಮ್ಮೆ ಅದು ಸದ್ದು ಮಾಡಿತು. ಮೆಹಬೂಬ ಗಕ್ಕನೆ ಗಾಡಿ ಬದಿಗೆ ಹಾಕಿದ. ಯಾರೋ ಸಾಲ ಬೇಕೆ ಎಂದು ಕೇಳುತ್ತಿದ್ದರು. ಮೆಹಬೂಬ ಮತ್ತೆ ಗಾಡಿ ರಸ್ತೆಗೆ ತಂದ.

ಗೇಟಿನಲ್ಲಿ ಬ್ಯಾಗು ನೋಡಿದರು, ಆಧಾರ್ ನೋಡಿದರು, ನೀಲಕ್ಕನ ಗಂಟಿನ ರೊಟ್ಟಿಯನ್ನೂ ಬಿಚ್ಚಿ ನೋಡಿದರು. ಒಳಗೆ ಹೋದರೆ, ಏನು ಹೇಳಲಿ, ನಿಶ್ಶಬ್ದ. ಕತ್ತರಿಸಿದ ಹುಲ್ಲು, ಸುಣ್ಣ ಹಚ್ಚಿದ ಕಲ್ಲು, ಬೇವಿನ ಮರ. ಅವುಗಳ ಕೆಳಗೆ ಸಾಲಾಗಿ ಉಕ್ಕಿನ ಪ್ರಾಣಿಗಳು. ಆನೆಗೊಂದಿಯ ಕಡೆ ಹುಟ್ಟಿ ಬೆಳೆದವಳು ನಾನು. ಅಲ್ಲಿಯ ಬಂಡೆಗಳ ನಡುವೆ ಓಡಾಡುವಾಗ, ರಾಜರ ಕಾಲದ ಯುದ್ಧದಾನೆಗಳೇ ಹೀಗೆ ಕೂತು ಕಲ್ಲಾಗಿರಬೇಕೆಂದು ಸಣ್ಣವಳಿದ್ದಾಗ ಅನ್ನಿಸುತ್ತಿತ್ತು. ಇಲ್ಲಿ ಆನೆ ಕಬ್ಬಿಣವಾಗಿತ್ತು. ಸೊಂಡಿಲು ಉಳಿದಿತ್ತು, ಕಣ್ಣು ಮಾತ್ರ ಒಂದು ಸಣ್ಣ ಸೀಳು.

ನೀಲಕ್ಕ ಮೊದಲನೆಯದರ ಸುತ್ತ ಪ್ರದಕ್ಷಿಣೆ ಬಂದಳು. ಎಮ್ಮೆ ಕೊಳ್ಳಲು ಹೋದವಳಂತೆ ಕೆಳಗೆ ಬಗ್ಗಿ ನೋಡಿದಳು, ಹಿಂದೆ ನೋಡಿದಳು.

"ಕಿಟಕಿ ಎಲ್ಲೈತಿ?"

"ಇರಂಗಿಲ್ಲ ಅಕ್ಕ. ಕನ್ನಡಿ ಇಟ್ಟು ನೋಡ್ತಾರ."

"ಡ್ರೈವರ್ ಎಲ್ಲಿ ಕುಂದರ್ತಾನ?"

ಮೆಹಬೂಬ ಮುಂದಿನ ಭಾಗದಲ್ಲಿದ್ದ ಒಂದು ಮುಚ್ಚಳ ತೋರಿಸಿದ. ದೊಡ್ಡ ಭೋಗಾಣಿ ಪಾತ್ರೆಯ ಮುಚ್ಚಳದಷ್ಟಿತ್ತು. ನೀಲಕ್ಕ ಅದನ್ನೇ ದಿಟ್ಟಿಸಿದಳು. ಶರಣನ ಭುಜದ ಅಳತೆಯನ್ನು ಅವಳ ಎರಡು ಕೈ ಗಾಳಿಯಲ್ಲಿ ತಾವಾಗಿಯೇ ತೆಗೆದವು. ಆಮೇಲೆ ಕೈ ಇಳಿಸಿ ಬೋರ್ಡಿನತ್ತ ತಿರುಗಿದಳು.

"ಏನ ಬರದಾರ, ಓದು."

ಅಲ್ಲಿ ಬರೆದದ್ದು ಇಂಗ್ಲಿಷಿನಲ್ಲಿ, ಎಂದಿನ ಮಿಲಿಟರಿ ಶಿಸ್ತಿನಲ್ಲಿ. ಈ ವಾಹನ ಯುದ್ಧದಲ್ಲಿ ಪಕ್ಕದಿಂದ ಹೊಡೆತ ತಿಂದಿತು. ಒಳಗೆ ಬೆಂಕಿ ಹತ್ತಿತು. ಸಿಬ್ಬಂದಿಯಲ್ಲಿ ಯಾರೂ ಹೊರಗೆ ಬರಲಿಲ್ಲ. ಡ್ರೈವರನಿಗೆ ಮರಣೋತ್ತರ ಪದಕ. ನಾನು ಫುಲ್ ಸ್ಟಾಪಿನವರೆಗೂ ಓದಿದೆ, ತುಟಿ ಅಲುಗಿಸದೆ. ಸಿಸ್ಟರ್ ಮಟಿಲ್ಡಾ ಎಲ್ಲೋ ಹಿಂದೆ ನಿಂತು ಸ್ಕೇಲು ಎತ್ತಿದಂತಾಯಿತು.

"ಇದು ಭಾಳ ಡೀಸೆಲ್ ಕುಡೀತಿತ್ತಂತ ಅಕ್ಕ. ಅದಕ್ಕ ಓಡ್ಸೋದು ಬಿಟ್ರಂತ" ಎಂದೆ.

ಮೆಹಬೂಬ ನನ್ನನ್ನು ಒಮ್ಮೆ ನೋಡಿ ಬೇವಿನ ಮರದ ಕಡೆ ನೋಡಿದ.

ಒಂದು ಸುಳ್ಳು ಓದಿದ ಮೇಲೆ ಮುಂದಿನದು ಸುಲಭ. ನೆಲದಲ್ಲಿ ಹುಗಿದ ಬಾಂಬಿಗೆ ಸಿಕ್ಕಿದ್ದನ್ನು ಪಂಕ್ಚರ್ ಆಗಿತ್ತು ಎಂದೆ. ಮರುಭೂಮಿಯಲ್ಲಿ ಕಳೆದುಹೋದದ್ದನ್ನು ಪರೇಡಿಗೆ ಇಟ್ಟುಕೊಂಡಿದ್ದರು ಎಂದೆ. ನನ್ನ ಬಾಯಲ್ಲಿ ಆ ದಿನ ಯಾವ ಟ್ಯಾಂಕೂ ಸಾಯಲಿಲ್ಲ. ಎಲ್ಲವೂ ವಯಸ್ಸಾಗಿ, ಪೆನ್ಶನ್ ಪಡೆದು, ಮರದ ನೆರಳಿಗೆ ಬಂದು ಕೂತವು. ಹೆಗಲಿನಿಂದ ಬೆವರಿಳಿಯುತ್ತಿತ್ತು. ಬಿಸಿಲಿಗೆ ಅಂದುಕೊಂಡೆ.

ಆಗ ನೆನಪಾದದ್ದು ನಮ್ಮ ಕೊಪ್ಪಳದ ಪಾಲ್ಕಿಗುಂಡು. ಬೆಟ್ಟದ ಮೇಲೆ ಪಲ್ಲಕ್ಕಿಯ ಚಾವಣಿಯಂತೆ ಹಾಸಿದ ಬಂಡೆಯ ಕೆಳಗೆ ಎರಡು ಸಾವಿರ ವರ್ಷಕ್ಕೂ ಹಳೆಯ ಶಾಸನವಿದೆಯಲ್ಲ. ಕಳಿಂಗವನ್ನು ಗೆದ್ದು, ಗೆದ್ದದ್ದಕ್ಕೇ ನೊಂದುಕೊಂಡ ಮೌರ್ಯ ಚಕ್ರವರ್ತಿ ಬರೆಸಿದ್ದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆಗಿನ ನಮ್ಮ ಕುರಿ ಕಾಯುವವರಿಗೆ, ರಾಗಿ ಬಿತ್ತುವವರಿಗೆ ಅದು ಎಲ್ಲಿಂದ ತಿಳಿಯಬೇಕು? ಅಂಥ ಶಾಸನಗಳನ್ನು ಅಧಿಕಾರಿಗಳು ಜನರನ್ನು ಕೂಡಿಸಿ ಓದಿ ಹೇಳುತ್ತಿದ್ದರು ಎನ್ನುತ್ತಾರೆ ಬಲ್ಲವರು. ನನಗೀಗ ಆ ಓದುವವನ ಮೇಲೆ ಕುತೂಹಲ. ಎದುರಿಗೆ ಕೂತವರಲ್ಲಿ ಮಗನನ್ನು ಸೈನ್ಯಕ್ಕೆ ಕಳಿಸಿದ ಒಬ್ಬ ಮುದುಕಿ ಇದ್ದಿದ್ದರೆ, ಬಂಡೆಯ ಮೇಲೆ ಇದ್ದದ್ದನ್ನೇ ಓದಿದನೋ, ಅವಳ ಮುಖ ನೋಡಿ ಒಂದೆರಡು ಸಾಲು ನುಂಗಿದನೋ. ಕಲ್ಲು ಹೇಳುವುದಿಲ್ಲ. ಓದಿದವನೂ ಹೇಳಿಲ್ಲ.

ಈ ಯೋಚನೆಯಲ್ಲಿದ್ದವಳು ಒಂದು ಸಣ್ಣ, ದಪ್ಪನೆಯ ಟ್ಯಾಂಕಿನ ಎದುರು ಬಂದು ನಿಂತೆ. ಬೋರ್ಡು ಓದಿದರೆ ಹೆಸರು ಮಟಿಲ್ಡಾ. ಅಡ್ಡಡ್ಡ ಬೆಳೆದ, ನಿಧಾನಕ್ಕೆ ನಡೆಯುವ, ಗಟ್ಟಿ ಮೈಯ ಟ್ಯಾಂಕ್ ಎಂದು ಬರೆದಿತ್ತು. ಸಿಸ್ಟರ್, ಕೊನೆಗೂ ನೀವು ನನ್ನನ್ನು ಹಿಡಿದೇ ಬಿಟ್ಟಿರಿ ಎಂದುಕೊಂಡೆ. ಆ ಬೋರ್ಡನ್ನು ಮಾತ್ರ ಪ್ರಾಯಶ್ಚಿತ್ತವೆಂಬಂತೆ ಒಂದಕ್ಷರ ಬಿಡದೆ ಎರಡು ಸಲ ಓದಿದೆ. ತಲೆಯೆತ್ತಿದಾಗ ಪಕ್ಕದಲ್ಲಿ ನೀಲಕ್ಕ ಇರಲಿಲ್ಲ.

ಸಾಲಿನ ಕೊನೆಯಲ್ಲಿ ಅವಳ ಹಸಿರು ಸೀರೆ ಕಂಡಿತು. ನಾನು ಹತ್ತಿರ ಹೋಗುವ ಹೊತ್ತಿಗೆ ಆಗಬೇಕಾದದ್ದು ಆಗಿಹೋಗಿತ್ತು.

ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಹೊರಗಿನವರಿಗೆ ಹೇಳುತ್ತೇನೆ. ಬೈಕಿರಲಿ, ಟ್ರ್ಯಾಕ್ಟರಿರಲಿ, ಭತ್ತ ಕೊಯ್ಯುವ ಮಿಷನ್ನಿರಲಿ, ಹೊಸ ಗಾಡಿ ಕೊಂಡವರು ಮೊದಲು ಹುಲಿಗೆಮ್ಮ ದೇವಿಯ ಊರಾದ ಹುಲಿಗಿಗೆ ಒಯ್ಯುತ್ತಾರೆ. ಹುಲಿಗೆಮ್ಮನ ಭಂಡಾರ, ಅಂದರೆ ಅವಳ ಗುಡಿಯ ಅರಿಸಿನ ಪುಡಿ, ಗಾಡಿಯ ಹಣೆಗೆ ಬೀಳಬೇಕು. ಗಾಲಿಯ ಕೆಳಗೆ ನಿಂಬೆಹಣ್ಣು ಇಡಬೇಕು. ಗಾಡಿ ಮುಂದಕ್ಕೆ ಉರುಳಿ ಹಣ್ಣು ಅಪ್ಪಚ್ಚಿಯಾಗಬೇಕು. ಅಲ್ಲಿಗೆ ಆ ಗಾಡಿಯಲ್ಲಿ ಕೂತವರ ಜವಾಬ್ದಾರಿ ತಾಯಿಯದು. ನೀಲಕ್ಕನ ಸೊಂಟದ ಸಣ್ಣ ಗಂಟಿನಲ್ಲಿದ್ದದ್ದು ಅದೇ. ಶರಣನ ಟ್ಯಾಂಕು ಗಡಿಯಲ್ಲಿ, ಕೈಗೆ ಸಿಗದು. ಅದರ ಕುಲದ ಒಂದಕ್ಕೆ ಇಲ್ಲಿ ಹಚ್ಚಿದರೆ ಅಲ್ಲಿಗೆ ಮುಟ್ಟುತ್ತದೆಂಬುದು ಅವಳ ಲೆಕ್ಕ.

ಆ ಟ್ಯಾಂಕಿನ ಮುಂಭಾಗಕ್ಕೆ, ಡ್ರೈವರಿನ ಮುಚ್ಚಳದ ಸರಿ ಕೆಳಗೆ, ಅಂಗೈಯಗಲ ಭಂಡಾರ. ಅದರ ನಡುವೆ ಕುಂಕುಮ. ಉಕ್ಕಿನ ಪಟ್ಟಿಯ ಕೆಳಗೆ ನಿಂಬೆಹಣ್ಣು. ನೀಲಕ್ಕ ಸುಟ್ಟ ಬೆರಳನ್ನು ಊದಿಕೊಳ್ಳುತ್ತಿದ್ದಳು.

"ರೊಟ್ಟಿ ಹಂಚಿನಂಗ ಸುಡ್ತೈತಿ ನೋಡು ಶಾಂತಾ. ಹುಡುಗರು ಒಳಗ ಹೆಂಗ ಕುಂದರ್ತಾವೋ ಏನೋ."

"ಅಕ್ಕ, ಇಷ್ಟೆಲ್ಲದರಾಗ ಇದಕ್ಕ ಯಾಕ ಹಚ್ಚಿದ್ರಿ?"

"ಉಳಿದಾವೆಲ್ಲ ಸೊಕ್ಕಿನಿಂದ ಮ್ಯಾಲ ನೋಡಾಕತ್ಯಾವು. ಇದೊಂದು ಪಾಪ, ತಲಿ ತಗ್ಗಿಸಿ ನಿಂತೈತಿ. ತಾಯಿಗೆ ನಡಕೊಳ್ಳೋವಂಥದು ಅನಸ್ತು."

ಹೌದು, ಅದರ ತೋಪಿನ ಕೊಳವೆ ನೆಲದ ಕಡೆ ಇಳಿದಿತ್ತು. ನಾನು ಬೋರ್ಡು ನೋಡಿದೆ. ಮೊದಲ ಸಾಲಿನಲ್ಲೇ ಆ ಪದವಿತ್ತು: ಕ್ಯಾಪ್ಚರ್ಡ್. ಯುದ್ಧದಲ್ಲಿ ಶತ್ರುವಿನಿಂದ ಗೆದ್ದು ತಂದದ್ದು. ಸೋತ ಟ್ಯಾಂಕೆಂದು ತೋರಿಸಲು ತೋಪನ್ನು ತಗ್ಗಿಸಿ ನಿಲ್ಲಿಸುವುದು ಸಂಪ್ರದಾಯ ಎಂದೂ ಬರೆದಿತ್ತು. ಅಲ್ಲಿದ್ದ ಅಷ್ಟೊಂದು ಟ್ಯಾಂಕು ಬಿಟ್ಟು ನನ್ನ ನೆಗೆಣ್ಣಿ, ಮೊಮ್ಮಗನ ಹೆಸರಿನಲ್ಲಿ, ಎದುರಾಳಿಯ ಟ್ಯಾಂಕಿಗೆ ಹುಲಿಗೆಮ್ಮನ ಭಂಡಾರ ಹಚ್ಚಿದ್ದಳು.

ನಂಬಿಕೆಯಿಲ್ಲದವಳು ನಾನು, ಕಾನ್ವೆಂಟಿನಿಂದ ಬಂದ ಹೊಸದರಲ್ಲಿ ಇಂಥದಕ್ಕೆ ಬಾಯಿಗೆ ಸೆರಗು ಮುಚ್ಚಿ ನಕ್ಕವಳು. ಆದರೂ ಆ ಕ್ಷಣ ನನಗೆ ಹೊಳೆದದ್ದು ನಗೆಯಲ್ಲ. ಇದು ತಿಳಿದರೆ ನೀಲಕ್ಕ ಇಲ್ಲೇ ಕುಸಿಯುತ್ತಾಳೆ ಎಂಬುದೊಂದೇ.

"ಏನ ಬರದಾರ, ಓದು."

"ಯುದ್ಧಕ್ಕ ಹೋಗಿದ್ದು... ಇಲ್ಲಿಗೆ ಸುರಕ್ಷಿತ ಬಂತಂತ" ಎಂದೆ. ಅದರಲ್ಲಿ ಸುಳ್ಳೆಷ್ಟು ನಿಜವೆಷ್ಟು ಎಂದು ಯಾವ ಸಿಸ್ಟರಿಗೂ ಹೇಳಲು ಬಾರದು.

ನೀಲಕ್ಕನ ಮುಖ ಅರಳಿತು. "ನೋಡಿದೆಲ್ಲ, ನಾ ಛಲೋದನ್ನ ಆರಿಸೀನಿ. ಮೆಹಬೂಬಾ, ಅಲ್ಲಿ ನಿಂತಾರಲ್ಲ ಅವರಿಗೆ ಹೇಳಪ್ಪ, ಗಾಡಿ ಸ್ವಲ್ಪ ಮುಂದಕ್ಕ ತಗೊಳ್ಳಾಕ. ನಿಂಬಿಹಣ್ಣ ಒಡೀಬೇಕು."

"ಅಮ್ಮಾರ, ಅದು ನಡದು ಐವತ್ತು ವರ್ಷ ಆಗಿರಬೇಕ್ರಿ."

"ಒಂದ ಗೇಣು ಸಾಕು ಅಂತ ಹೇಳು."

ಹೇಳುವ ಅಗತ್ಯ ಬೀಳಲಿಲ್ಲ. ಅವರೇ ಬರುತ್ತಿದ್ದರು. ಬಿಳಿ ಮೀಸೆಯ ಹವಾಲ್ದಾರರು, ಆ ಸಾಲಿನ ಕಾವಲಿನವರು. ಅವರು ಮೊದಲು ನಿಂಬೆಹಣ್ಣು ನೋಡಿದರು, ಆಮೇಲೆ ಭಂಡಾರ, ಕೊನೆಗೆ ನಮ್ಮನ್ನು.

"ಮಾಂಜಿ, ಯೇ ಕ್ಯಾ ಕಿಯಾ. ಯೇ ತೋ ದುಷ್ಮನ್ ಕಾ ಹೈ."

ನಾನು ಕಣ್ಣು ಮುಚ್ಚಿದೆ. ಇಂಗ್ಲಿಷನ್ನು ನಾನು ಬಚ್ಚಿಡಬಲ್ಲೆ, ದುಷ್ಮನ್ ಎಂಬುದನ್ನು ಹೇಗೆ ಬಚ್ಚಿಡಲಿ? ನಿಜಾಮರ ಕಾಲದಿಂದ ನಮ್ಮ ಮನೆಯ ಒಲೆಯ ಮುಂದೆ ಕೂತ ಪದವದು. ಹೊಲದ ಬದುವಿನ ಜಗಳದಲ್ಲಿ ನೀಲಕ್ಕನೇ ಎಷ್ಟು ಸಲ ಬಳಸಿದ್ದಾಳೋ.

ಅವಳು ನನ್ನನ್ನು ನೋಡಲಿಲ್ಲ. ಟ್ಯಾಂಕನ್ನು ನೋಡಿದಳು, ತಗ್ಗಿದ ಆ ಕೊಳವೆಯನ್ನು. ಬೇವಿನೆಲೆ ಒಂದೆರಡು ಉದುರಿದವು. ಆಮೇಲೆ ಮೆಹಬೂಬನಿಗೆ ಹೇಳಿದಳು, "ಕೇಳಪ್ಪ, ಇದರಾಗ ಕುಂತಿದ್ದ ಹುಡುಗರು ಏನಾದ್ರು ಅಂತ."

ಮೆಹಬೂಬ ಕೇಳಿದ. ಹವಾಲ್ದಾರರು ಗೊತ್ತಿಲ್ಲವೆಂದು ತಲೆಯಾಡಿಸಿದರು. ಆಮೇಲೆ ಡ್ಯೂಟಿ ನೆನಪಾಗಿ, ಜೇಬಿನಿಂದ ಬಟ್ಟೆ ತೆಗೆದು, ನಲ್ಲಿಯಲ್ಲಿ ತೋಯಿಸಿ ತಂದರು. ಸಾಹೇಬರು ರೌಂಡಿಗೆ ಬರುವ ಹೊತ್ತಾಯಿತು, ಒರೆಸಿಬಿಡಿ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಆತುರವಿತ್ತು.

ನೀಲಕ್ಕ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. "ನಾ ಒರಸಂಗಿಲ್ಲ. ಯಾರದರ ಗಾಡಿ ಇರಲಿ. ನಾ ಹಚ್ಚಿದ್ದು ನನ್ನ ಮೊಮ್ಮಗನ ಹೆಸರಿಲೆ. ಅವನ ಸುದ್ದಿ ಇಲ್ಲ, ಸುಳಿವಿಲ್ಲ. ಇಂಥಾದ್ರಾಗ ಹಚ್ಚಿದ ಕೈಲೆ ಅರಿಷಿಣ ಕುಂಕುಮ ಒರಸಂದ್ರ ಹೆಂಗ ಒರಸ್ಲಿ?"

ಅರಿಸಿನ ಕುಂಕುಮ ಯಾವಾಗ ಒರೆಸುತ್ತಾರೆಂದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ. ಮೆಹಬೂಬ ಅದನ್ನು ತನ್ನ ದಖನಿ ಉರ್ದುವಿನಲ್ಲಿ ಹೇಳಿದಾಗ ಹವಾಲ್ದಾರರ ಮೀಸೆ ಒಂದಿಷ್ಟು ಅಲುಗಿತು. ಅವರು ಬಟ್ಟೆಯನ್ನು ನನ್ನ ಕಡೆ ಚಾಚಿದರು. ಇಂಗ್ಲಿಷ್ ಬೋರ್ಡು ಓದುವ, ಕನ್ನಡಕ ಹಾಕಿದ ಹೆಂಗಸು; ನೀವು ತಿಳಿದವರು ಎಂಬಂಥ ನೋಟ.

ನಾನು ತಿಳಿದವಳೇ. ಅರಿಸಿನವೆಂದರೆ ಒಂದು ಗಡ್ಡೆಯ ಪುಡಿ ಎಂದು ತಿಳಿದವಳು. ಕುಷ್ಟಗಿಯ ಮುದುಕಿಯ ಬೆರಳಿಗೂ ಗಡಿಯ ಮೇಲಿನ ಸಿಡಿಗುಂಡಿಗೂ ಸಂಬಂಧವಿಲ್ಲ ಎಂದು ತಿಳಿದವಳು. ಬಟ್ಟೆ ಕೈಗೆ ತೆಗೆದುಕೊಂಡೆ. ಒಂದು ಹೆಜ್ಜೆ ಮುಂದಿಟ್ಟೆ. ಅಂಗಳದ ಹೊರಸಿನಲ್ಲಿ ಕಾಲು ಹೊರಗೆ ಚಾಚಿ ಮಲಗಿದ ಶರಣ ಕಂಡ. ಕೈ ಮೇಲೇಳಲಿಲ್ಲ. ರಿಯಲಿ, ಎಷ್ಟು ಪ್ರಯತ್ನಿಸಿದರೂ ಏಳಲಿಲ್ಲ. ಬಟ್ಟೆಯ ನೀರು ನನ್ನ ಚಪ್ಪಲಿಯ ಮೇಲೆ ತೊಟ್ಟಿಕ್ಕುತ್ತಿತ್ತು.

ಮೆಹಬೂಬನ ಕಡೆ ತಿರುಗಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ. "ನನಗ ಕೊಡಬ್ಯಾಡ್ರಿ ಅಮ್ಮಾರ. ನನ್ನ ಗಾಡಿಗೂ ಅದೇ ತಾಯಿದು ಹಚ್ಚೇತ್ರಿ. ನಾಳೆ ಆ ರೋಡಿಗೆ ನಾನ ಹೊಡಕೊಂಡು ಹೋಗಬೇಕು."

ಬಟ್ಟೆ ಮರಳಿ ಹವಾಲ್ದಾರರ ಕೈ ಸೇರಿತು. ಅವರು ಅದನ್ನು ಹಿಂಡಿದರು, ಬಿಡಿಸಿದರು, ಟ್ಯಾಂಕಿನ ಹತ್ತಿರ ಹೋದರು. ನೀಲಕ್ಕ ಮುಖ ತಿರುಗಿಸಿದಳು. ದೂರದಲ್ಲಿ ಒಂದು ಜೀಪಿನ ಸದ್ದು. ಅವರ ಕೈ ಭಂಡಾರದವರೆಗೂ ಹೋಯಿತು, ಅಲ್ಲೇ ನಿಂತಿತು. ಆಮೇಲೆ ಅವರು ಆ ಹಳದಿಯ ಪಕ್ಕದಲ್ಲಿದ್ದ ಹಕ್ಕಿಯ ಹಿಕ್ಕೆಯನ್ನು ಶ್ರದ್ಧೆಯಿಂದ ಒರೆಸಿ, ಬಟ್ಟೆ ಮಡಚಿ ಜೇಬಿಗೆ ಹಾಕಿಕೊಂಡರು.

ಸೋಮವಾರ ಮ್ಯೂಸಿಯಂ ಬಂದ್, ಎಲ್ಲ ಟ್ಯಾಂಕುಗಳನ್ನೂ ಪೈಪು ಹಿಡಿದು ತೊಳೆಯುತ್ತಾರೆ, ಆಗ ತಾನಾಗಿ ಹೋಗುತ್ತದೆ ಎಂದರು ಮೆಲ್ಲಗೆ. ಸಾಹೇಬರು ಕೇಳಿದರೆ ತಾವೇ ಹೇಳಿಕೊಳ್ಳುತ್ತೇವೆ ಎಂದೂ ಹೇಳಿದರು.

ಮೆಹಬೂಬ ಕನ್ನಡದಲ್ಲಿ ಹೇಳಿದ್ದನ್ನು ನೀಲಕ್ಕ ತೂಗಿ ನೋಡಿದಳು. "ನೀರು ತಾನ ತೊಳಕೊಂಡು ಹೋದ್ರ ದೋಷ ಇಲ್ಲ. ಮಳಿ ಬಂದ್ರೂ ಹೋಗತಿತ್ತಲ್ಲ. ಕೈ ಮಾತ್ರ ಹತ್ತಬಾರದು." ಆಮೇಲೆ ಗಂಟು ಬಿಚ್ಚಿ ಹವಾಲ್ದಾರರ ಕೈಗೆ ಸಜ್ಜೆ ರೊಟ್ಟಿ ಇಟ್ಟಳು. "ಶರಣನ ಪಾಲಿಂದು. ನೀವು ತಿನ್ರಿ." ಅವರಿಗೆ ಭಾಷೆ ತಿಳಿಯಲಿಲ್ಲ. ಬಿಸಿಲಿನಲ್ಲಿ ರೊಟ್ಟಿ ಹಿಡಿದು ಅಟೆನ್ಷನ್ನಿನಲ್ಲಿ ನಿಂತಿದ್ದರು. ನಿಂಬೆಹಣ್ಣನ್ನು ಅಲ್ಲೇ ಬಿಟ್ಟು ಬಂದೆವು. ಅದು ಒಡೆಯದೇ ಉಳಿಯಿತಲ್ಲ ಎಂಬುದು ಗೇಟಿನವರೆಗೂ ನನ್ನನ್ನು ಕೊರೆಯಿತು. ನನ್ನನ್ನು, ನೀಲಕ್ಕನನ್ನಲ್ಲ.

ಕಾರಿನಲ್ಲಿ ಸೊಲ್ಲಾಪುರದ ರಸ್ತೆ ಸೇರಿದ ಮೇಲೆ ನಾನೇ ಬಾಯಿ ಬಿಟ್ಟೆ. "ಅಕ್ಕ, ಆ ಹಲಗಿ ನಾ ಸರಿ ಓದಲಿಲ್ಲ."

"ಅದೊಂದನ್ನೇನು? ಮೊದಲಿಂದನೂ ಓದಿಲ್ಲ."

"ನಿಮಗ ಹೆಂಗ ಗೊತ್ತಾತು?"

"ಹಲಗಿ ತುಂಬ ಬರದಾರ. ನೀ ಡೀಸೆಲ್ ಅಂತ ಒಂದ ಮಾತಿನಾಗ ಮುಗಸ್ತಿ. ಸಂತ್ಯಾಗ ಬೀಜದ ಚೀಟಿ ಅರ್ಧ ತಾಸು ಓದಾಕಿ ನೀ."

"ಮತ್ತ ಯಾಕ ಸುಮ್ಮನಿದ್ರಿ?"

ಅವಳು ಕಿಟಕಿಯ ಹೊರಗೆ ನೋಡುತ್ತ ಹೇಳಿದಳು, "ನಿನಗ ಭಾಳ ಅಂಜಿಕಿ ಆಗಿತ್ತು. ಓದ್ಲಿ ಬಿಡು, ಸಮಾಧಾನ ಆಗ್ತೈತಿ ಅಂತ ಬಿಟ್ಟೆ."

ಮೆಹಬೂಬ ಕೆಮ್ಮಿದ. ಕಾನ್ವೆಂಟಿನ ಇಡೀ ಓದು ನನ್ನ ಮಡಿಲಲ್ಲಿ ಕೂತು ನನ್ನನ್ನೇ ನೋಡಿತು.

ಗಂಗಾವತಿಗೆ ಹೋಗಲು ಮನಸ್ಸಾಗದೆ ನಾನು ಕುಷ್ಟಗಿಯಲ್ಲೇ ಉಳಿದೆ. ಫೋನು ಹಾಗೇ ಇತ್ತು, ಆ ಹೆಣ್ಣುಮಗಳೂ ಹಾಗೇ. ಸೋಮವಾರ ಹತ್ತಿರ ಬಂದಂತೆ ನನಗೆ ಹೇಳಿಕೊಳ್ಳಲು ನಾಚಿಕೆಯಾಗುವಂಥ ಕಳವಳ. ಅಲ್ಲಿ ಪೈಪಿನ ನೀರು ಬೀಳುವ ಮೊದಲು ಇಲ್ಲಿ ಫೋನು ಬರಬೇಕು ಎಂದು ನನ್ನ ಮನಸ್ಸು ತನ್ನಷ್ಟಕ್ಕೆ ಒಪ್ಪಂದ ಮಾಡಿಕೊಂಡಿತ್ತು. ಹುಲಿಗೆಮ್ಮನ ಜೊತೆಗೋ, ಸಿಸ್ಟರ್ ಮಟಿಲ್ಡಾರ ಜೊತೆಗೋ, ವಿಚಾರಿಸಲಿಲ್ಲ. ನೀಲಕ್ಕ ಮಾತ್ರ ಎಂದಿನಂತೆ ರೊಟ್ಟಿ ಬಡಿಯುತ್ತಿದ್ದಳು. ಆದರೆ ಯಾರೂ ತಿನ್ನದಷ್ಟು, ಬುಟ್ಟಿ ತುಂಬಿ ಮೇಲೆ ಬರುವಷ್ಟು.

ಭಾನುವಾರ ಬೆಳಗ್ಗೆ ಬಡಿಯುವ ಸದ್ದು ಗಕ್ಕನೆ ನಿಂತಿತು. ಹೊಸ ನಂಬರು. ನೀಲಕ್ಕ ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ನನ್ನ ಮುಂದೆ ಚಾಚಿದಳು. ನಾನೇ ಒತ್ತಿ ಸ್ಪೀಕರಿಗೆ ಹಾಕಿದೆ.

"ಅಜ್ಜಿ, ನಾನು."

"ಉಂಡ್ಯಾ?" ಎಂದಳು ನೀಲಕ್ಕ.

"ಉಂಡೀನಿ. ಹಿಂದಕ ಬಂದೇವಿ. ಎಲ್ಲಾರೂ ಅರಾಮದೀವಿ. ನೀವು ಆ ಮ್ಯೂಸಿಯಂಗೆ ಹೋಗಿದ್ರಂತ? ಈಗ ಅಂಗಡಿಗೆ ಹಚ್ಚಿದ್ದೆ, ಅಪ್ಪ ಹೇಳಿದ. ಯಾವುದಕ್ಕ ಹಚ್ಚಿದಿ ಭಂಡಾರ?"

"ತಲಿ ತಗ್ಗಿಸಿ ನಿಂತಿತ್ತಲ್ಲ, ಅದಕ್ಕ."

ಅತ್ತ ಕಡೆ ಶರಣ ನಗತೊಡಗಿದ. ಪಕ್ಕದಲ್ಲಿದ್ದವರಿಗೆ ಹಿಂದಿಯಲ್ಲಿ ಹೇಳಿದ, ಅವರೂ ನಕ್ಕರು. ಅಷ್ಟು ಹುಡುಗರ ನಗು ಒಟ್ಟಿಗೆ ಆ ಸಣ್ಣ ಫೋನಿನಿಂದ ಬಂದು ಅಡುಗೆಮನೆ ತುಂಬಿತು. ನಾನು ಗೋಡೆಗೊರಗಿ ನಿಂತೆ. ಎದುರಿಗೆ ಹಿಟ್ಟಿನ ಡಬ್ಬಿಯ ಮೇಲೆ ಏನೋ ಬರೆದಿತ್ತು. ಮೊದಲ ಬಾರಿಗೆ ನನಗೆ ಅಕ್ಷರ ಕಾಣಲಿಲ್ಲ.

"ನಗಬ್ಯಾಡ್ರಿ" ಎಂದಳು ನೀಲಕ್ಕ ಗಂಭೀರವಾಗಿ. "ಹಚ್ಚಿದ ಮ್ಯಾಲ ಆತು. ತಾಯಿ ಹಲಗಿ ಓದಿ ಕಾಯಂಗಿಲ್ಲ."

ಇದು ಕೋಇನ್ಸಿಡೆನ್ಸ್ ಎಂದು ನನಗೆ ಗೊತ್ತು. ಭಂಡಾರಕ್ಕೂ ಫೋನಿಗೂ ಸಂಬಂಧವಿಲ್ಲವೆಂದು ಯಾರು ಕೇಳಿದರೂ ಇಂಗ್ಲಿಷಿನಲ್ಲಿ, ವ್ಯಾಕರಣ ತಪ್ಪದೆ ವಿವರಿಸಬಲ್ಲೆ. ಯಾರೂ ಕೇಳಲಿಲ್ಲ.

ಮರುದಿನ ಸೋಮವಾರ. ಬೆಳಗಿನ ಚಹಾ ಹಿಡಿದು ಅಂಗಳದಲ್ಲಿ ಕೂತಿದ್ದೆವು, ಶರಣನ ಹಳೆಯ ಹೊರಸಿನ ಮೇಲೆ. ಊರಿಗೆ ಹೊರಡಲು ನನ್ನ ಬ್ಯಾಗು ಸಿದ್ಧವಿತ್ತು. ಮನಸ್ಸು ಹಗುರವಾಗಿತ್ತು ಎನ್ನಬೇಕು, ಹಾಗಿರಲಿಲ್ಲ. ನೀಲಕ್ಕ ಸೂರ್ಯನ ಕಡೆ ನೋಡಿ ಹೊತ್ತು ಅಂದಾಜು ಮಾಡಿದಳು.

"ಈಗ ಪೈಪು ಹಿಡದಿರ್ತಾರ, ಅಲ್ಲ ಶಾಂತಾ?"

"ಹಿಡದಿರ್ತಾರ ಅಕ್ಕ."

ಅವಳು ಚಹಾದ ಬಟ್ಟಲನ್ನು ಕೆಳಗಿಟ್ಟು, ಸುಟ್ಟ ಬೆರಳಿನ ತುದಿಯನ್ನು ಹೆಬ್ಬೆರಳಿನಿಂದ ಸವರಿಕೊಂಡಳು.

"ಪಾಪ, ಅದಕ್ಕ ಹಚ್ಚಾಕ ಇನ್ನ ಯಾರದಾರ" ಎಂದಳು.